ನಿಂತ ಲಾಳಿ

ನನ್ನ ಸೊಸಿ ಅನ್ನಪೂರ್ಣಾನ ತವರು ಮುನವಳ್ಳಿ. ರಾಮದುರ್ಗದಾಗ ನಮ್ಮ ನೇಕಾರ ಮನಿಗೆ ಬಂದಾಗ ಆಕಿಗೆ ಮಗ್ಗ ಅಂದ್ರೇನಂತ ಗೊತ್ತಿರಲಿಲ್ಲ. ಆರು ತಿಂಗಳದಾಗ ನನಗಿಂತ ಚಂದ ನೇಯಾಕ ಕಲತಳು. ನನಗ ಹೊಟ್ಟಿಕಿಚ್ಚಾತು, ಯಾಕ ಸುಳ್ಳ ಹೇಳಲಿ.

ನಮ್ಮ ಮನ್ಯಾಗ ಒಂದು ರೂಢಿ ಐತಿ. ಬಾಗಲಿಗೆ ಯಾರರ ಬಂದ್ರ ಮೊದಲ ಮಗ್ಗದಾಗ ನೂಲು ಎಳಕೋತ ಆ ಕಡೆ ಈ ಕಡೆ ಓಡೂ ಲಾಳಿ ನಿಲ್ಲಿಸಿ ಅವರ ಮಾರಿ ನೋಡಬೇಕು, ಆಮ್ಯಾಲೆ ಮಾತು. ಲಾಳಿ ಓಡಿಸಿಕೋತ ಮಾತಾಡಿದ್ರ ಮರ್ಯಾದಿ ಕೊಡಲಿಲ್ಲ ಅಂತ ಅರ್ಥ. ಬಂದ ಮೊದಲ ವಾರದಾಗ ಆಕಿಗೆ ಬೈದು ಕಲಿಸಿದ್ದೆ.

ತೊಂಬತ್ತಾರರಾಗ ಆಕಿಗೆ ಮಗಳು ಐಶ್ವರ್ಯಾ ಹುಟ್ಟಿದ್ಲು. ಮೂರು ತಿಂಗಳಿಗೆ ನೋಡತೇವಿ, ಕೂಸಿನ ಕಣ್ಣು ಅತ್ಲಾಗ ಇತ್ಲಾಗ, ಅತ್ಲಾಗ ಇತ್ಲಾಗ, ಸಣ್ಣಗ ಓಡಾಕ ಹತ್ತಿದ್ವು. ಮಧ್ಯಾಹ್ನದ ಬಿಸಲು ಹಂಚಿನ ಸಂದಿಲೆ ತೊಟ್ಟಿಲದಾಗ ಇಳೀತಿತ್ತು. ಆ ಕಣ್ಣು ನೋಡಿಕೋತ ಕುಂತ್ರ ನಮಗ ಜೋಂಪು ಹತ್ತತಿತ್ತು. ಥೇಟ್ ಲಾಳಿ.

"ಬಸರಿದ್ದಾಗ ಹಗಲೆಲ್ಲಾ ಮಗ್ಗಕ್ಕ ಕುಂತಿ, ಲಾಳಿ ಕೂಸಿನ ಕಣ್ಣಾಗ ಹೊಕ್ಕೈತಿ," ಅಂದಾಕಿ ನಾನ. ನನ್ನ ಬಾಯಾಗ ಮಣ್ಣ ಬೀಳಲಿ. ಅವತ್ತ ಮಗ್ಗದಿಂದ ಎದ್ದ ಅನ್ನಪೂರ್ಣಾ ಮತ್ತ ಕೂಡಲಿಲ್ಲ.

ಮಗ್ಗ ನಿಂತರೂ ಕಣ್ಣು ನಿಲ್ಲಲಿಲ್ಲ. ಮ್ಯಾಲೆ ಇನ್ನೊಂದು ಶುರುವಾತು. ಅವ್ವ ಎತ್ತಿಕೊಂಡು ಮಾರಿ ಹತ್ರ ತಂದ್ರ ಸಾಕು, ಕೂಸು ಕಣ್ಣು ಮೂಗಿನ ಕಡೆ ಎಳಕೋತಿತ್ತು.

"ಅತ್ತಿ, ಇದು ನನ್ನ ನೋಡಾಕ ಒಲ್ಲದ್ರಿ. ನನ್ನ ಮ್ಯಾಲೆ ಸಿಟ್ಟಾಗೇತಿ," ಅಂತಿದ್ಲು. ಕನಸಿನಾಗ ಇದ್ದಂಗ ಓಡ್ಯಾಡತಿದ್ಲು, ಒಲಿ ಮ್ಯಾಲೆ ಅನ್ನ ಹತ್ತಿದ್ರೂ ಖಬರ ಇರತಿರಲಿಲ್ಲ. ಆದ್ರ ನಾನು ಅಂದ ಮಾತು ಹೆಂಗ ವಾಪಸ್ ತಗೊಳ್ಳಲಿ.

ಸವದತ್ತಿಗೆ ಕಣ್ಣಿನ ಡಾಕ್ಟರಬಾಯಿ ಬರತಾರಂತ ಕೇಳಿ ಮೂರೂ ಮಂದಿ ಬಸ್ ಹತ್ತಿದ್ವಿ. ಅವರು ಕೂಸಿನ ಮುಂದ ಕೆಂಪು ಚಂಡು ಹಿಡದು ಬಾಳೊತ್ತು ನೋಡಿದ್ರು. ಮಗ್ಗದ ಮಾತು ನಾನ ಹೇಳಿದೆ.

"ಮಗ್ಗದ್ದಲ್ಲ, ಯಾರ ತಪ್ಪೂ ಅಲ್ಲ," ಅಂದ್ರು. "ಕಣ್ಣು ತಾವ ಅಲಗತಾವು, ಅಲಗಿದ್ರ ಎಲ್ಲಾ ಮಸಕ. ಮೂಗಿನ ಕಡೆ ಎಳಕೊಂಡ್ರ ಅಲಗೂದು ಕಡಿಮಿ ಆಗತೈತಿ. ಏನರ ನೆಟ್ಟಗ ನೋಡಬೇಕಂದಾಗ ಕೂಸು ಹಂಗ ಮಾಡತೈತಿ." ಚಸ್ಮಾ ಬೇಕಾಗತೈತಿ, ಮುಂದ ಆಪರೇಶನ್ನೂ ಆಗಬಹುದು ಅಂದ್ರು.

ಮನಿಗೆ ಬಂದು ಅನ್ನಪೂರ್ಣಾ ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಬಗ್ಗಿದ್ಲು. ಕೂಸು ಕಣ್ಣು ಮೂಗಿನ ಕಡೆ ಎಳಕೊಂತು.

"ಅತ್ತಿ," ಅಂದ್ಲು, "ಲಾಳಿ ನಿಲ್ಲಿಸೇತ್ರಿ. ನನ್ನ ಮಾರಿ ನೋಡಾಕ."

ನಾನು ಕೂಸಿನ್ನ ಇಸಗೊಂಡು, "ಹೋಗವ್ವಾ, ಮಗ್ಗಕ್ಕ ಕುಂಡ್ರು," ಅಂದೆ.