ಕರಾಚಿಯವರು ಕುಡಿದ ಚಹಾ

ನಮ್ಮ ಯಜಮಾನರು ಹೋದ ಮೇಲೆ ಮನೆಯಲ್ಲಿ ಕನ್ನಡವೊಂದೇ ಉಳಿದಿದೆ. ಮೊದಲು ಉರ್ದು, ಮರಾಠಿ, ಗುಜರಾತಿ ಎಲ್ಲ ಅವರ ಜೊತೆ ಪಡಸಾಲೆಗೆ ಬರುತ್ತಿದ್ದವು. ಸವಣೂರಿನ ವೀಳ್ಯದೆಲೆಯನ್ನು ಕರಾಚಿಗೆ, ಅಲ್ಲಿಂದ ಹಡಗಿನಲ್ಲಿ ಇನ್ನೂ ಆಚೆಗೆ ಕಳಿಸುವುದು ಅವರ ವ್ಯಾಪಾರವಾಗಿತ್ತು.

ಒಂದು ಬೇಸಿಗೆಯಲ್ಲಿ ಕರಾಚಿಯ ಇಬ್ಬರು ಗುಜರಾತಿ ವ್ಯಾಪಾರಿಗಳು ಬಂದು, ದರ ಇಳಿಸಿರೆಂದು ಹಟ ಹಿಡಿದು ಕುಳಿತರು. ಬುಟ್ಟಿಗಳು ಅಂದೇ ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತದಿದ್ದರೆ ಎಲೆಯೆಲ್ಲ ಕೊಳೆಯುತ್ತಿತ್ತು. ತಮಗೆ ಗುಜರಾತಿ ಬರುತ್ತದೆಂದು ತೋರಗೊಡದೆ ಇವರು ಉರ್ದುವಿನಲ್ಲೇ ಮಾತಾಡುತ್ತ, ಅವರ ಒಳಮಾತು ಕೇಳಿಸಿಕೊಳ್ಳುತ್ತಿದ್ದರು. ನಾನು ಚಹಾ ಕೊಟ್ಟು ಒಳಗೆ ಬಂದೆ. ಒಬ್ಬ ಒಂದು ಗುಟುಕು ಕುಡಿದು ಇನ್ನೊಬ್ಬನಿಗೆ ಗುಜರಾತಿಯಲ್ಲಿ ಏನೋ ಅಂದ. ಇವರು ತಡೆಯಲಾರದೆ ನಕ್ಕುಬಿಟ್ಟರು. ಗುಟ್ಟು ಬಯಲಾಯಿತು.

"ಏನಂದ್ರು ಅವ್ರು?" ಎಂದು ಬಾಗಿಲ ಮರೆಯಿಂದ ಕೇಳಿದೆ.

"ಈ ಚಹಾದಾಗ ಎಮ್ಮಿ ಮೈ ತೊಳೀಬಹುದಂತ."

"ದರ ಒಪ್ಪೂತನಕ ಕಪ್ಪಿನ ಮ್ಯಾಲೆ ಕಪ್ಪು ತರ್ತೇನಿ ಅಂತ ಹೇಳ್ರಿ."

ಇವರು ಒಂದಕ್ಷರ ಬಿಡದೆ ಅದನ್ನು ಗುಜರಾತಿಯಲ್ಲಿ ಹೇಳಿದರು. ವ್ಯಾಪಾರಿಗಳು ನಗುತ್ತ ನಮ್ಮ ದರಕ್ಕೇ ಒಪ್ಪಿದರು. ಮುಂದೆ ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಂತು, "ಅಕ್ಕಾರ, ಚಹಾ ಬ್ಯಾಡ್ರಿ" ಅನ್ನುತ್ತಿದ್ದರು. ಅಷ್ಟು ಕನ್ನಡ ಕಲಿಸಿದವರೂ ಇವರೇ.