ಲೈಬ್ರರಿ ಗೋಡೆಯ ಮೇಲಿನ ಅಕ್ಕ

ಟರ್ಪೆಂಟೈನ್ ವಾಸನೆ ಎಲ್ಲಿ ಬಂದರೂ ಕುಂದಾಪುರದ ನಮ್ಮ ಬಾಡಿಗೆ ಮನೆಯ ಅಂಗಳ ಕಣ್ಣೆದುರು ನಿಲ್ಲುತ್ತದೆ. ಅಪ್ಪಯ್ಯ ಹೆಮ್ಮಾಡಿ ಕಡೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಮನೆಯ ಹಿಂದಿನ ಕಾಲೇಜಿನವರು ಹೊಸ ಲೈಬ್ರರಿಯ ಗೋಡೆಗಳಿಗೆ ಚಿತ್ರ ಬರೆದುಕೊಡಲು ಅವರನ್ನು ಕೇಳಿದರು. ಒಳಗೆ ಬಾರ್ಕೂರಿನ ಕಲ್ಲುಕಂಬಗಳು, ಗದ್ದೆಯ ಕೊಕ್ಕರೆಗಳು ಬಂದವು. ಹೊರಗಿನ ದೊಡ್ಡ ಗೋಡೆಗೆ, ದೋಣಿಯಿಂದ ಇಳಿಯುತ್ತಿರುವ ಹುಡುಗಿ. ನೀರು ತಾಗದಂತೆ ಪುಸ್ತಕಗಳನ್ನು ಎದೆಗೆ ಅವಚಿಕೊಂಡವಳು. ಅದಕ್ಕಾಗಿ ಅಪ್ಪಯ್ಯ, ನನಗಿಂತ ಏಳು ವರ್ಷ ದೊಡ್ಡವಳಾದ ಶೈಲಕ್ಕನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ ಚಿತ್ರಿಸಿಕೊಂಡರು. "ಕೈ ನೊಯ್ತ್ ಅಪ್ಪಯ್ಯ, ಇನ್ನೆಷ್ಟೊತ್ತ್?" ಎಂದು ಅವಳು ನಗುತ್ತಿದ್ದಳು.

ಮರುವರ್ಷ ಅವಳು ಅದೇ ಕಾಲೇಜು ಸೇರಿದಳು. ಗೋಡೆಯ ಮೇಲಿನ ಚಿತ್ರ ನೋಡಿ ಗೆಳತಿಯರು "ಗ್ವಾಡೆ ಶೈಲ" ಎಂದು ಕರೆದರೆ ಸಿಟ್ಟು ಬಂದಂತೆ ನಟಿಸುತ್ತಿದ್ದಳು. ಎರಡನೆಯ ಮಳೆಗಾಲದಲ್ಲಿ ಕಾಮಾಲೆ ಹಿಡಿಯಿತು. ಹದಿನೈದೇ ದಿನ; ಅಕ್ಕ ಹೋಗಿಬಿಟ್ಟಳು. ಅವಳು ದೊಡ್ಡವಳಾದ ಮೇಲಿನ ಫೋಟೋ ಅಂತ ಮನೆಯಲ್ಲಿದ್ದದ್ದು ಒಂದೇ, ಕ್ಲಾಸಿನ ಗುಂಪು ಫೋಟೋ. ಅದರಲ್ಲಿ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಕಳೆದುಕೊಂಡವರ ಮುಖ ಹುಡುಕಿ ಪೆಟ್ಟಿಗೆಯ ತಳ ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅಂದಿನಿಂದ ಅಮ್ಮ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಲೈಬ್ರರಿಗೆ ಹೋಗತೊಡಗಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಲೈಬ್ರರಿಯ ಮೇಡಂ ಏನೂ ಕೇಳದೆ ಗೋಡೆಯೆದುರಿನ ನೆರಳಲ್ಲಿ ಒಂದು ಕುರ್ಚಿ ಹಾಕಿಸಿದರು. ಹನ್ನೊಂದು ವರ್ಷ ಅಮ್ಮ ಅಲ್ಲಿ ಕುಳಿತಳು.

ಒಂದು ಬೇಸಿಗೆ ರಜೆಯಲ್ಲಿ ಬೇಗನೆ ವಾಪಸು ಬಂದು ಹೊಸ್ತಿಲಲ್ಲೇ ಕುಸಿದಳು. "ಅಲ್ಲ್ ಎಂತದೂ ಇಲ್ಲೆ, ಹ್ವಾಯ್. ಬರೀ ಬಿಳಿ," ಎಂದಳು. ಕಾಲೇಜು ನೋಡಲು ಮೇಲಿನವರು ಬರುವವರಿದ್ದರಂತೆ. ತೇವ ಹಿಡಿದು ಸುಲಿಯುತ್ತಿದ್ದ ಗೋಡೆಗೆ ಬಣ್ಣ ಹೊಡೆಸಿದ್ದರು. ಅದು ಯಾರ ಮುಖವೆಂದು ಹೊಸಬರಿಗೆ ಗೊತ್ತಿರಲಿಲ್ಲ. ಅಪ್ಪಯ್ಯ ಬಣ್ಣ ಕೆರೆಯುವ ಚೂರಿ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಮುಖವಿದ್ದ ಜಾಗವನ್ನು ಬೆರಳಲ್ಲಿ ತಡವಿ, ಮೆಲ್ಲಗೆ ಕೆರೆದರು. ಬಿಳಿಯ ಜೊತೆಗೆ ಹಳೆಯ ಬಣ್ಣವೂ ಹಪ್ಪಳದಂತೆ ಎದ್ದು ಪುಡಿಯಾಯಿತು. ಕೆಳಗೆ ಕಂಡದ್ದು ಗಾರೆ. ಇನ್ನೊಂದು ಸಲ ಕೆರೆಯಲು ಅವರ ಕೈ ಏಳಲಿಲ್ಲ.

ಆಮೇಲೆ ಮನೆಯಲ್ಲಿ ಕಾಗದದ ಮೇಲೆ ಕಾಗದ ತೆಗೆದು ಅಕ್ಕನ ಮುಖ ಬರೆದರು. ಪ್ರತಿಯೊಂದನ್ನೂ ಅಮ್ಮ ಬೆಳಕಿಗೆ ಹಿಡಿದು ನೋಡಿ, "ಇದ್ ಅವ್ಳಲ್ಲ" ಎಂದು ಕೆಳಗಿಡುತ್ತಿದ್ದಳು. ಒಂದು ದಿನ ಅಪ್ಪಯ್ಯ ಬ್ರಷ್‌ಗಳನ್ನು ತೊಳೆಯದೆ ಹಾಗೇ ಬಿಟ್ಟರು. ಅವು ಒಣಗಿ ಕಡ್ಡಿಯಾದವು. ಎರಡು ವರ್ಷದ ನಂತರ ಅವರೂ ಇರಲಿಲ್ಲ.

ಕೊನೆಯ ಕಾಯಿಲೆಯಲ್ಲಿ ಅಮ್ಮ ನನ್ನ ಕೈ ಹಿಡಿದು ಕೇಳಿದಳು: "ಶೈಲನ್ ಮೂಗ್ ನನ್ ಹಾಂಗಿತ್ತಾ, ಅಪ್ಪಯ್ಯನ್ ಹಾಂಗಿತ್ತಾ?"

"ನಿನ್ ಹಾಂಗೇ ಇತ್ತಮ್ಮ," ಎಂದೆ.

ಅಮ್ಮ ತನ್ನ ಮೂಗನ್ನು ಮೆಲ್ಲಗೆ ಮುಟ್ಟಿಕೊಂಡಳು. ನನಗೆ ನೆನಪಿರಲಿಲ್ಲ.