ಕಪ್ಪು ಮರಳಿನ ಕಡಲು

ಕಳೆದ ವರ್ಷ ನಾವಿಬ್ಬರೂ ಮಗಳು ಶ್ವೇತಾಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನಡೆದದ್ದು ಇದು. ಅವಳ ಅಪಾರ್ಟ್‌ಮೆಂಟು ಸಾಂಟಾ ಕ್ಲಾರಾದಲ್ಲಿ. ಅವಳೂ ಅಳಿಯನೂ ಆಫೀಸಿಗೆ, ಮೊಮ್ಮಗಳು ಅನ್ವಿ ಶಾಲೆಗೆ ಹೊರಟರೆಂದರೆ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ. ನನಗೆ ಅಡುಗೆ, ಹೊಲಿಗೆ ಎಂದು ಹೊತ್ತು ಹೋಗುತ್ತಿತ್ತು. ನಮ್ಮವರಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಲ್ಪೆಯ ಕಡಲ ತಡಿಯಲ್ಲಿ ಹುಟ್ಟಿ, ಅಲ್ಲೇ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸಂಜೆಗೊಮ್ಮೆ ಕಡಲು ನೋಡದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗದು. ಇಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದೂ ನಡೆದೂ ಆದ ಸದ್ದಿಗೆ, ಒಂದು ದಿನ ಕೆಳಗಿನ ಮನೆಯವರು ಬಂದು ಮೆಲ್ಲಗೆ ವಿಚಾರಿಸಿ ಹೋದರು. ಆಮೇಲೆ ಇವರು ಕೊತ್ತಂಬರಿ ಸೊಪ್ಪಿನ ನೆವ ಮಾಡಿಕೊಂಡು ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಗೆ ಹೋಗಿ ಬರುತ್ತಿದ್ದರು. ಫ್ರಿಜ್ಜಿನ ತುಂಬ ಕೊತ್ತಂಬರಿ.

ಒಂದು ಭಾನುವಾರ ಮಗಳು ಹಾಫ್ ಮೂನ್ ಬೇ ಎಂಬ ಕಡಲ ತಡಿಗೆ ಕರೆದುಕೊಂಡು ಹೋದಳು. ನಮ್ಮವರು ನೀರಿಗೆ ಕಾಲಿಟ್ಟವರೇ ಹಿಂದೆ ಸರಿದು, "ಇದೆಂತ ಕಡಲು ಮಾರಾಯ್ತಿ, ಐಸು ಕರಗಿಸಿ ಇಟ್ಟ ಹಾಗೆ ಉಂಟು" ಎಂದರು. ಹಾಗಾಗಿ ಅನ್ವಿಯ ಶಾಲೆಗೆ ಒಂದು ವಾರದ ರಜೆ ಬಂದಾಗ, ಅಪ್ಪನಿಗೆ ಬೆಚ್ಚಗಿನ ಸಮುದ್ರ ತೋರಿಸುತ್ತೇನೆಂದು ಶ್ವೇತಾ ಹವಾಯಿಯ ದೊಡ್ಡ ದ್ವೀಪಕ್ಕೆ ಟಿಕೆಟು ಮಾಡಿದಳು. ಅಳಿಯನಿಗೆ ರಜೆ ಸಿಗಲಿಲ್ಲ. ನಾವು ನಾಲ್ವರೇ ಹೊರಟೆವು.

ವಿಮಾನ ಇಳಿದ ಕಡೆ ಕಣ್ಣು ಹಾಯಿಸಿದಷ್ಟೂ ಕಪ್ಪು ಕಲ್ಲು, ಡಾಮರು ಕಾಯಿಸಿ ಸುರಿದು ಬಿಟ್ಟ ಹಾಗೆ. ಹುಲ್ಲುಕಡ್ಡಿಯೂ ಇಲ್ಲ. ನಮ್ಮವರ ಮುಖ ಸಣ್ಣದಾಯಿತು. ಕಾರಿನಲ್ಲಿ ಬೆಟ್ಟ ದಾಟಿ ದ್ವೀಪದ ಇನ್ನೊಂದು ಮಗ್ಗುಲಿಗೆ ಇಳಿದರೆ ಅಲ್ಲಿ ಜಿಟಿಜಿಟಿ ಮಳೆ, ತೆಂಗು, ಬಾಳೆ, ಮನೆಮನೆಯ ಹಿತ್ತಲಲ್ಲಿ ಹಲಸಿನ ಜಾತಿಯ ಜೀಗುಜ್ಜೆ ಮರ, ರಸ್ತೆ ಬದಿಯಲ್ಲೇ ಕೊಡೆಯಗಲದ ಕೆಸುವಿನ ಎಲೆ.

"ನೋಡು, ಪತ್ರೊಡೆಗೆ ಆಗುವಷ್ಟು ಉಂಟು. ಇದು ನಮ್ಮ ಊರೇ" ಎಂದರು. ತಿಂಗಳುಗಳ ನಂತರ ಅವರು ನಕ್ಕದ್ದು ಆಗಲೇ.

ಮರುದಿನ ಜ್ವಾಲಾಮುಖಿಯ ಬಾಯಿ ನೋಡಲು ಹೋದೆವು. ಬೆಂಕಿ ಕಾಣಲಿಲ್ಲ. ನೆಲದ ಬಿರುಕುಗಳಿಂದ ಅನ್ನದ ಹಂಡೆಯ ಮುಚ್ಚಳ ತೆಗೆದಂತೆ ಹಬೆ ಏಳುತ್ತಿತ್ತು. ಗಂಧಕದ ವಾಸನೆ. ಬಗ್ಗಿ ಕಲ್ಲು ಮುಟ್ಟಿದೆ, ಬೆಚ್ಚಗಿತ್ತು. "ಅಜ್ಜಿ, ದಿಸ್ ಐಲ್ಯಾಂಡ್ ಈಸ್ ಸ್ಟಿಲ್ ಗ್ರೋಯಿಂಗ್" ಎಂದಳು ಅನ್ವಿ. ದ್ವೀಪ ಇನ್ನೂ ಬೆಳೆಯುತ್ತಿದೆಯಂತೆ. ಅವಳಿಗೆ ಅದು ಖುಷಿಯ ಸಂಗತಿ. ನನಗೆ ಯಾಕೋ ಅಲ್ಲಿ ಎರಡು ಕಾಲನ್ನೂ ಊರಿ ನಿಲ್ಲಲು ಮನಸ್ಸಾಗಲಿಲ್ಲ. ಇಷ್ಟು ದಿನ ನಮ್ಮವರಿಗಿದ್ದ ಚಡಪಡಿಕೆ ಅಂದು ನನಗೆ ಅಂಟಿಕೊಂಡಿತು. ಹೊರಡೋಣ, ಹೊರಡೋಣ ಎಂದು ಎಲ್ಲರ ಜೀವ ತಿಂದೆ.

ಮೂರನೆಯ ದಿನ ಕಪ್ಪು ಮರಳಿನ ಕಡಲ ತಡಿಗೆ ಹೋದೆವು. ಮರಳು ನಿಜಕ್ಕೂ ಇದ್ದಿಲ ಪುಡಿಯಂತೆ ಕಪ್ಪು, ತೆಂಗಿನ ಮರಗಳ ಬುಡದವರೆಗೂ. ನೀರು ನೀಲಿ. ಅಲೆಗಳೂ ಹೇಳಿಕೊಳ್ಳುವಷ್ಟು ದೊಡ್ಡವಾಗಿರಲಿಲ್ಲ. ಸ್ವಲ್ಪ ದೂರದಲ್ಲಿ ಅಲ್ಲಿಯದೇ ಒಂದು ಸಂಸಾರ ಚಾಪೆ ಹಾಸಿ ಊಟಕ್ಕೆ ಕೂತಿತ್ತು. ನಮ್ಮವರು ಅಂಗಿ ಕಳಚಿ ನನ್ನ ಕೈಗೆ ಕೊಟ್ಟರು.

"ಬೋರ್ಡಲ್ಲಿ ಎಂತದೋ ಬರ್ದಿದ್ದಾರೆ ಅಪ್ಪಾ, ಸ್ವಲ್ಪ ನಿಲ್ಲಿ, ಓದ್ತೇನೆ" ಎಂದಳು ಶ್ವೇತಾ.

"ಮೊಣಕಾಲಷ್ಟು ನೀರಿಗೆ ಬೋರ್ಡು ಎಂತದಕ್ಕೆ? ನನಗೆ ಕಡಲು ಹೊಸತಾ?" ಎಂದು ನಡೆದೇ ಬಿಟ್ಟರು.

ಚಾಪೆಯ ಮೇಲಿದ್ದ ಒಬ್ಬ ದಪ್ಪನೆಯ ಹೆಂಗಸು ಎದ್ದು ನಿಂತು ಕೈ ಬೀಸಿ ಏನೋ ಕೂಗಿದಳು. ನಮಸ್ಕಾರ ಹೇಳಿದಳೆಂದುಕೊಂಡು ಇವರು ತಿರುಗಿ ಕೈ ಬೀಸಿದರು. ಬೆನ್ನು ಕಡಲಿಗಾಗಿತ್ತು. ಬಂದ ಅಲೆ ಮೊಣಕಾಲಿಗೆ ಬಡಿದು ಹಿಂದೆ ಸರಿಯಿತು. ಅದರ ಜತೆಗೆ ಕಾಲಡಿಯ ಮರಳೂ ಜಾರಿ ಹೋಯಿತು. ಬಿದ್ದರು. ಏಳುವಷ್ಟರಲ್ಲಿ ಇನ್ನೊಂದು ಅಲೆ ಮೇಲೆ ಬಂತು. ಅದು ಇಳಿದಾಗ ದಡದಲ್ಲಿ ಅವರಿರಲಿಲ್ಲ. ಆಚೆ, ನೀರಿನ ಮಧ್ಯೆ ಬಿಳಿ ತಲೆ ಒಂದು ಕಂಡು ಮರೆಯಾಯಿತು.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಶ್ವೇತಾ ಚಪ್ಪಲಿ ಎಸೆದು ನೀರಿನತ್ತ ಓಡಿದಳು. "ಹೋಗು ಮಗಾ, ಬೇಗ" ಎಂದು ನಾನೇ ಅವಳ ಬೆನ್ನು ದೂಡಿದೆ. ಆ ಹೆಂಗಸು ಎಲ್ಲಿಂದ ಬಂದಳೋ, ಮಗಳ ತೋಳನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆಳೆದಳು. ಶ್ವೇತಾ ಕೊಸರಾಡಿದಳು, ಹೊಡೆದಳು ಕೂಡ. ಆಕೆ ಬಿಡಲಿಲ್ಲ. ಅವಳನ್ನು ತನ್ನ ಗಂಡನ ಕೈಗೆ ಕೊಟ್ಟು, ಮಕ್ಕಳು ಆಡುವ ತೇಲುವ ಹಲಗೆಯೊಂದನ್ನು ಎತ್ತಿಕೊಂಡು ನೀರಿನ ಅಂಚಿನಲ್ಲಿ ನಿಂತಳು. ಅಷ್ಟು ಅವಸರದಲ್ಲೂ ನಿಂತು ಅಲೆಗಳನ್ನು ನೋಡಿದಳು. ಯಾಕೆ ನಿಂತಿದ್ದಾಳೆ, ಯಾಕೆ ನಿಂತಿದ್ದಾಳೆ ಎಂದುಕೊಂಡೆ. ಒಂದು ಅಲೆ ಒಡೆದು ಇಳಿಯುತ್ತಿದ್ದಂತೆ ಅದರ ಬೆನ್ನಿಗೇ ಹಾರಿದಳು.

ನಾನು ಅಂದುಕೊಂಡಂತೆ ಇವರನ್ನು ಹಿಡಿದು ದಡದತ್ತ ಎಳೆಯಲಿಲ್ಲ. ಹಲಗೆಯನ್ನು ಇವರ ಎದೆಗೊತ್ತಿ ಇನ್ನೂ ದೂರ, ಅಲೆ ಒಡೆಯದ ಕಡೆಗೆ ಹೋದಳು. ಅಲ್ಲಿಂದ ದಡಕ್ಕೆ ಸಮನಾಗಿ ಸಾಗಿ, ಬಂಡೆಗಳ ಮರೆಯ ಮೂಲೆಗೆ. ಎರಡು ತಲೆ ಕಾಣುತ್ತಿತ್ತು, ಮತ್ತೆ ಒಂದು, ಮತ್ತೆ ಎರಡು. ಅನ್ವಿ ನನ್ನ ಸೆರಗು ಹಿಡಿದು "ಅಜ್ಜ ಈಸ್ ದೇರ್, ಅಜ್ಜ ಈಸ್ ದೇರ್" ಎನ್ನುತ್ತಲೇ ಇದ್ದಳು. ಕೊನೆಗೆ ಒಂದು ಸಣ್ಣ ಅಲೆಯ ಮೇಲೆ ಇಬ್ಬರೂ ಬಂದು ಬಿದ್ದರು.

ಇವರ ಮೊಣಕಾಲು, ಅಂಗೈ ಗಾಜು ತರಚಿದಂತೆ ಸುಲಿದು ಹೋಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಆ ಹೆಂಗಸು ಉಸಿರು ಹಿಡಿಯುವ ಮೊದಲೇ ಬಯ್ಯಲು ಶುರು ಮಾಡಿದಳು. ಶ್ವೇತಾ ಅಳುತ್ತಲೇ ಅದನ್ನೆಲ್ಲ ಕನ್ನಡದಲ್ಲಿ ಹೇಳಿದಳು.

ಆಕೆಯ ಹೆಸರು ಪುವಾ, ಅಲ್ಲಿಯವರಿಗೆಲ್ಲ ಪುವಾ ಆಂಟಿ. ನಮ್ಮಲ್ಲಿಯ ಹಾಗೆ ಅಲ್ಲಿಯೂ ಹಿರಿಯ ಹೆಂಗಸರನ್ನು ಆಂಟಿ ಎಂದೇ ಕರೆಯುತ್ತಾರೆ. ಅಲ್ಲಿಯ ಶಾಲೆಯೊಂದರಲ್ಲಿ ಟೀಚರು. "ನಿಮ್ಮ ಕಡಲಲ್ಲಿ ಎಷ್ಟು ದೂರ ನಡೆದರೂ ಸೊಂಟದಷ್ಟೇ ನೀರಿರಬಹುದು. ಇಲ್ಲಿ ಹಾಗಲ್ಲ. ಇದು ಕಡಲ ತಳದಿಂದ ಎದ್ದ ಬೆಟ್ಟ, ನೀವು ನಿಂತದ್ದು ಅದರ ಇಳಿಜಾರಿನಲ್ಲಿ. ನಾಲ್ಕು ಹೆಜ್ಜೆಗೆ ಆಳ" ಎಂದಳು. ಮರಳು ಕೂಡ ಉರಿಯುವ ಲಾವಾ ನೀರಿಗೆ ಬಿದ್ದು ಸಿಡಿದು ಪುಡಿಯಾದದ್ದಂತೆ. ತಾನು ಈಜು ಕಲಿತ ಕಡಲ ತಡಿ ಈಗ ಲಾವಾ ಕಲ್ಲಿನಡಿ ಹೂತು ಹೋಗಿದೆ, ಅಲ್ಲಿಗೆ ಹೋದರೆ ಎಲ್ಲಿ ನಿಂತಿದ್ದೇನೆಂದು ತನಗೇ ಗೊತ್ತಾಗುವುದಿಲ್ಲ ಎಂದಳು. ಅದನ್ನು ಹೇಳುವಾಗ ಆಕೆಯ ದನಿಯಲ್ಲಿ ದೂರು ಇರಲಿಲ್ಲ.

ಆಮೇಲೆ ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮೀನನ್ನು ನಮ್ಮ ಮುಂದಿಟ್ಟು ತಿನ್ನಿ ಎಂದಳು. ನಮ್ಮವರು ಒಂದು ತುತ್ತು ತಿಂದು ನನ್ನ ಕಡೆ ನೋಡದೆ, "ಉಪ್ಪು ಸರಿ ಉಂಟು" ಎಂದರು. ಅಷ್ಟು ಹೊತ್ತು ತಡೆದಿದ್ದ ಅಳು ನನಗೆ ಆಗ ಬಂತು. ಪುವಾಳ ಒದ್ದೆ ಕೈಯನ್ನು ಹಿಡಿದುಕೊಂಡು ಕೂತಿದ್ದೆ.

ಈಗ ನಾವು ಊರಿಗೆ ಬಂದಾಗಿದೆ. ಕೇಳಿದವರೆಲ್ಲ ಆಕೆ ನಿಮ್ಮ ಗಂಡನ ಪ್ರಾಣ ಉಳಿಸಿದಳು ಎನ್ನುತ್ತಾರೆ. ಹೌದು. ಆದರೆ ನನ್ನ ನಿದ್ದೆಗೆಡಿಸುವುದು ಬೇರೆ. ವಾಪಸು ಬರುವಾಗ ವಿಮಾನದಲ್ಲಿ ಶ್ವೇತಾ ನನ್ನ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಅವಳ ತೋಳಿನಲ್ಲಿ ಪುವಾಳ ಐದು ಬೆರಳೂ ನೀಲಿಗಟ್ಟಿ ಮೂಡಿದ್ದವು. ಈಜು ಬಾರದ ನನ್ನ ಮಗಳು; ಹೋಗು ಎಂದು ದೂಡಿದವಳು ನಾನು. ನಾನು ಆ ಗುರುತಿನ ಮೇಲೆ ನನ್ನ ಬೆರಳುಗಳನ್ನು ಇಟ್ಟು, ವಿಮಾನ ಇಳಿಯುವವರೆಗೂ ತೆಗೆಯಲಿಲ್ಲ.